ಪ್ರೋಟೀನ್ ಕೋಶದೊಳಗೆ ಹೋದರಷ್ಟೇ ಸಾಲದು

ಇನ್ಸುಲಿನ್ ಕೋಶದೊಳಗೆ ಹೋಗಬೇಕಿಲ್ಲ. ಹೊರಪೊರೆಯ ಗ್ರಾಹಕಕ್ಕೆ ಅಂಟಿಕೊಂಡರೆ ಅದರ ಕೆಲಸ ಆಯಿತು. ಒಳಗಿದ್ದೇ ದುಡಿಯಬೇಕಾದ ಪ್ರೋಟೀನ್‌ಗಳ ಪಾಡು ಬೇರೆ. ಡಿಎನ್‌ಎ ಕತ್ತರಿಸುವ ಕ್ಯಾಸ್9 ಸುಮಾರು 160 ಕಿಲೋಡಾಲ್ಟನ್ ತೂಗುತ್ತದೆ. ಕೋಶದ ಕೊಬ್ಬಿನ ಪೊರೆಯನ್ನು ಅದು ತಾನಾಗಿ ದಾಟಲಾರದು.

ಅಂಥದ್ದನ್ನು ದಾಟಿಸುವ ಕೃತಕ ಪಾಲಿಮರ್‌ಗಳಲ್ಲಿ (ಸಣ್ಣ ಘಟಕಗಳು ಕೂಡಿ ಆದ ದೊಡ್ಡ ಅಣುಗಳಲ್ಲಿ) ಹಳೆಯ ಹೆಸರು ಪಾಲಿಎಥಿಲೀನ್‌ಇಮೈನ್, ಲ್ಯಾಬಿನ ಮಾತಿನಲ್ಲಿ ಪಿಇಐ. ಮೈತುಂಬ ಅಮೈನ್ ಗುಂಪುಗಳಿರುವುದರಿಂದ ಅದಕ್ಕೆ ಧನಾವೇಶ. ಡಿಎನ್‌ಎ ಉದ್ದಕ್ಕೂ ಋಣಾವೇಶ ಇರುವುದರಿಂದ ಇವೆರಡೂ ಗಟ್ಟಿಯಾಗಿ ಅಂಟುತ್ತವೆ. ಪ್ರೋಟೀನ್‌ಗಳಲ್ಲಿ ಒಂದೊಂದರದೂ ಒಂದೊಂದು ಸ್ವಭಾವ. ಪಿಎಚ್ 7.4ರಲ್ಲಿ ಋಣಾವೇಶದ ಅಲ್ಬುಮಿನ್ ಪಿಇಐಗೆ ಸುಲಭವಾಗಿ ಸೇರುತ್ತದೆ, ಧನಾವೇಶದ ಲೈಸೋಜೈಮ್ ಸೇರಲೊಲ್ಲದು. ಕ್ಯಾಸ್9 ಕೂಡ ಧನಾವೇಶದ್ದೇ; ಕತ್ತರಿಸುವ ಜಾಗ ತೋರಿಸುವ ಗೈಡ್ ಆರ್‌ಎನ್‌ಎ ಕೂಡಿದ ಮೇಲೆ ಒಟ್ಟು ಆವೇಶ ಋಣಕ್ಕೆ ತಿರುಗುತ್ತದೆ. ಹಾಗಾಗಿ ಮೊದಲು ಗೈಡ್, ಆಮೇಲೆ ಪಾಲಿಮರ್. ಬೋರಾನಿಕ್ ಆಮ್ಲದ ಗುಂಪು ಜೋಡಿಸಿದ ಪಾಲಿಮರ್‌ಗಳು ಆವೇಶವನ್ನಷ್ಟೇ ನೆಚ್ಚುವುದಿಲ್ಲ, ಧನಾವೇಶದ ಪ್ರೋಟೀನನ್ನೂ ಹಿಡಿಯಬಲ್ಲವು.

ಬೆರೆಸುವುದು ಸರಳ, ಕೆಡುವ ದಾರಿ ಹಲವು. ಪಿಎಚ್ ಏರುಪೇರಾಗದಂತೆ ಕಾಯುವ 10 ಮಿಲಿಮೋಲಾರ್ ಹೆಪೀಸ್ ಬಫರ್‌ನಲ್ಲಿ ಪ್ರೋಟೀನ್ ಕರಗಿಸಿ, ಒಂದು ಪಾಲು ಪ್ರೋಟೀನಿಗೆ ತೂಕದಲ್ಲಿ 1, 2, 4 ಪಾಲು ಪಾಲಿಮರ್ ಆಗುವಂತೆ ಬೇರೆ ಬೇರೆ ಟ್ಯೂಬುಗಳಲ್ಲಿ ಸೇರಿಸಿ, 20–30 ನಿಮಿಷ ‘ರೂಂ ಟೆಂಪರೇಚರ್’ನಲ್ಲಿ ಬಿಡಬೇಕು. ಹಾಗೆ ಬರೆದವರ ರೂಮು 25 ಡಿಗ್ರಿಯದು! ಮೇ ತಿಂಗಳ ಕಲಬುರಗಿಯಲ್ಲಿ ಹೊರಗೆ 42 ಡಿಗ್ರಿ ಇದ್ದು, ಕರೆಂಟ್ ಹೋಗಿ ಎಸಿ ನಿಂತರೆ ಆ ಮಾತನ್ನು ನಂಬುವಂತಿಲ್ಲ. ನಾಜೂಕಾದ ಪ್ರೋಟೀನ್ ಬಿಸಿಗೆ ಮಡಿಕೆ ಬಿಚ್ಚಿ ಗಂಟುಗಟ್ಟುತ್ತದೆ. ಥರ್ಮಾಮೀಟರ್ ಇಟ್ಟ ನೀರಿನ ಪಾತ್ರೆಯಲ್ಲಿ ಟ್ಯೂಬುಗಳನ್ನು ನಿಲ್ಲಿಸಿಕೊಳ್ಳಿ. ಕಣಗಳು 100–200 ನ್ಯಾನೋಮೀಟರ್ ಇದ್ದರೆ ಚೆನ್ನ. ದ್ರಾವಣ ಮಬ್ಬಾಗಿ ತಳದಲ್ಲಿ ಬಿಳಿ ಕೂತಿತೋ, ಚೆಲ್ಲಿಬಿಡಿ. ಬಫರ್‌ನಲ್ಲಿ ಉಪ್ಪು ಜಾಸ್ತಿಯಾದರೂ ಹೀಗಾಗುತ್ತದೆ.

ಕೋಶಗಳಿಗೆ ಹಾಕುವಾಗ ಮೀಡಿಯಾದಲ್ಲಿ (ಕೋಶ ಬೆಳೆಸುವ ದ್ರವದಲ್ಲಿ) ರಕ್ತದಿಂದ ತೆಗೆದ ಸೀರಂ ಬೇಡ, ಅದರ ಅಲ್ಬುಮಿನ್ನೇ ಪಾಲಿಮರನ್ನು ಕಸಿದುಕೊಳ್ಳುತ್ತದೆ. 4 ಗಂಟೆ ಬಳಿಕ ಮೀಡಿಯಾ ಬದಲಿಸಿ. ಪಾಲಿಮರ್ ಅತಿಯಾದರೆ ಪೊರೆ ಹರಿದು ಕೋಶವೇ ಸಾಯುತ್ತದೆ.

ನಿಜವಾದ ತೊಡಕು ಇನ್ನು ಮುಂದೆ. ಕೋಶವು ಕಣವನ್ನು ನುಂಗುವುದು ಎಂಡೋಸೋಮ್ ಎಂಬ ಚೀಲದಲ್ಲಿ. ಚೀಲ ಬರಬರುತ್ತ ಆಮ್ಲೀಯವಾಗಿ, ಕೊನೆಗೆ ಪಿಎಚ್ 5ರ ಆಸುಪಾಸಿನ ಲೈಸೋಸೋಮಿನಲ್ಲಿ ಪ್ರೋಟೀನ್ ಜೀರ್ಣವಾಗಿ ಹೋಗುತ್ತದೆ. ಪಿಇಐ ಪ್ರೋಟಾನ್‌ಗಳನ್ನು ಹೀರಿಕೊಂಡಾಗ ಕ್ಲೋರೈಡ್, ನೀರು ಒಳನುಗ್ಗಿ ಚೀಲ ಒಡೆಯುತ್ತದೆ ಎಂಬುದು 1990ರ ದಶಕದ ವಿವರಣೆ. ಅದರ ಬಗ್ಗೆ ಇಂದಿಗೂ ತಕರಾರಿದೆ. ತಕರಾರಿಲ್ಲದ ಸಂಗತಿಯೆಂದರೆ, ತಪ್ಪಿಸಿಕೊಳ್ಳುವ ಪಾಲು ಚಿಕ್ಕದು.

ಆದ್ದರಿಂದ ಪ್ರೋಟೀನಿಗೆ ಹಸಿರು ಹೊಳೆಯುವ ಬಣ್ಣ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರಕ್ಕೆ ಮರುಳಾಗಬಾರದು. ಹಸಿರು ಚುಕ್ಕೆ ಚುಕ್ಕೆಯಾಗಿದ್ದರೆ ಪ್ರೋಟೀನ್ ಇನ್ನೂ ಚೀಲದಲ್ಲೇ ಇದೆ. ಕೋಶವನ್ನು ಇದ್ದ ಸ್ಥಿತಿಯಲ್ಲೇ ನಿಲ್ಲಿಸಲು ಫಾರ್ಮಾಲ್ಡಿಹೈಡ್ ಹಾಕಿದರೆ ಹೊರಗೆ ಅಂಟಿದ್ದೂ ಒಳಗಿದ್ದಂತೆ ಕಾಣಬಹುದು. ಹೊರಗೆ ಅಂಟಿದ್ದನ್ನು ಋಣಾವೇಶದ ಹೆಪಾರಿನ್‌ನಿಂದ ತೊಳೆದು ಜೀವಂತ ಕೋಶವನ್ನೇ ನೋಡಿ. ಅದಕ್ಕಿಂತ ಖಾತ್ರಿಯಾದದ್ದು ಸಪೋರಿನ್ ಪರೀಕ್ಷೆ. ಕೋಶದ ಪ್ರೋಟೀನ್ ಕಟ್ಟುವ ರೈಬೋಸೋಮನ್ನು ಕೆಡಿಸಿ ಕೋಶವನ್ನು ಕೊಲ್ಲುವ ಈ ಪ್ರೋಟೀನ್ ಚೀಲದಲ್ಲಿ ಬಂದಿಯಾಗಿದ್ದರೆ ಕೋಶಕ್ಕೆ ಏನೂ ಆಗದು. ಇದೂ ಧನಾವೇಶದ್ದು, ಬರೀ ಪಿಇಐ ಸಾಲದು. ಸಪೋರಿನ್ ಒಂದನ್ನೇ ಕೊಟ್ಟ ಕೋಶವೂ, ಪಾಲಿಮರ್ ಒಂದನ್ನೇ ಕೊಟ್ಟದ್ದೂ ಬದುಕಿ, ಎರಡೂ ಕೂಡಿಸಿ ಕೊಟ್ಟದ್ದು ಮಾತ್ರ ಸತ್ತರೆ ಪ್ರೋಟೀನ್ ಚೀಲ ದಾಟಿದೆ ಎನ್ನಬಹುದು.