ಹರಿಯುವುದು ಬಲಗೈ, ಹೊಲಿಯುವುದು ಎಡಗೈ

ರ‍್ಯಾಗ್‌ಟೈಮ್ ಎಂಬ ಅಮೆರಿಕದ ಪಿಯಾನೋ ಸಂಗೀತದ ಹೆಸರು ಕೇಳಿದೊಡನೆ ನಮ್ಮ ಕಿವಿ ‘ರಾಗ’ದ ಕಡೆಗೆ ಹೊರಳುತ್ತದೆ. ಸಂಬಂಧ ಏನೇನೂ ಇಲ್ಲ. ಇಂಗ್ಲಿಷಿನ ‘ರ‍್ಯಾಗ್’ ಅಂದರೆ ಚಿಂದಿ ಬಟ್ಟೆ. ‘ರ‍್ಯಾಗ್ಡ್ ಟೈಮ್’ ಅಂದರೆ ಹರಕು ಲಯ. ಹೆಸರಿನ ಮೂಲದ ಬಗ್ಗೆ ಬೇರೆ ಊಹೆಗಳೂ ಇವೆ. ಆದರೆ ಕೇಳಿದವರಿಗೆ ಇದೇ ಸರಿ ಅನ್ನಿಸುತ್ತದೆ.

ಲಯ ಹರಿಯುವುದು ಹೇಗೆ? ಪಿಯಾನೋದ ಮೇಲೆ ಎಡಗೈ ಎರಡೆಣಿಕೆಯ ಮಾರ್ಚ್ ನಡೆ ಹಿಡಿಯುತ್ತದೆ: ಕೆಳಗೊಂದು ಮಂದ್ರಸ್ವರ, ಮೇಲೊಂದು ಕಾರ್ಡ್ (ಒಟ್ಟಿಗೆ ಒತ್ತುವ ಕೆಲವು ಸ್ವರ), ಮತ್ತೆ ಕೆಳಗೆ, ಮತ್ತೆ ಮೇಲೆ. ಬಲಗೈ ಮಾತ್ರ ಒತ್ತು ಬೀಳಬೇಕಾದಲ್ಲಿ ಸುಮ್ಮನಿದ್ದು, ಚೂರು ಮೊದಲೋ ಆಮೇಲೋ ಒತ್ತುತ್ತದೆ. ಇದೇ ಸಿಂಕೋಪೇಶನ್. ತಾಳ ಹಾಕುತ್ತಾ ಕೇಳಿ ನೋಡಿ: ತೊಡೆಗೆ ಕೈ ಬಿದ್ದಾಗ ಬಲಗೈಯ ಸ್ವರವಿರುವುದಿಲ್ಲ, ಆ ಸ್ವರ ಬಂದಾಗ ಕೈ ಗಾಳಿಯಲ್ಲಿರುತ್ತದೆ. ಎಡಗೈ ಕೊಂಚ ತಡವರಿಸಿದರೂ ಮುಗಿಯಿತು, ಸೊಗಸೆಲ್ಲ ಬರೀ ತಾಳ ತಪ್ಪಿದಂತೆ ಕೇಳುತ್ತದೆ.

19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಕಪ್ಪು ಸಂಗೀತಗಾರರು ಮಿಸೌರಿ ಸುತ್ತಮುತ್ತಲ ಹೆಂಡದಂಗಡಿ, ವೇಶ್ಯಾಗೃಹಗಳಲ್ಲಿ ಇದನ್ನು ಬೆಳೆಸಿದರು. ಬ್ಯಾಂಜೋ ನುಡಿಸುವ ರೀತಿ, ಕೇಕ್‌ವಾಕ್ ಕುಣಿತ, ಬ್ಯಾಂಡಿನ ಮಾರ್ಚ್ ಎಲ್ಲವೂ ಸೇರಿದ ಪಾಕ. 1899ರಲ್ಲಿ ಸೆಡೇಲಿಯಾ ಊರಿನ ಜಾನ್ ಸ್ಟಾರ್ಕ್, ಕಪ್ಪು ಸಂಗೀತ ರಚನೆಕಾರ ಸ್ಕಾಟ್ ಜಾಪ್ಲಿನ್‌ನ ‘ಮೇಪಲ್ ಲೀಫ್ ರ‍್ಯಾಗ್’ ಅಚ್ಚು ಹಾಕಿದ. ಒಂದು ಪ್ರತಿ ಮಾರಿದರೆ ಜಾಪ್ಲಿನ್‌ಗೆ ಒಂದು ಸೆಂಟ್ ಎಂದು ಒಪ್ಪಂದ. ಅಚ್ಚಾದದ್ದು ಎಂಬ ಮಾತು ಇಲ್ಲಿ ಮುಖ್ಯ: ಜಾಪ್ಲಿನ್‌ನ ರ‍್ಯಾಗ್ ಸ್ವರಸ್ವರವಾಗಿ ಬರೆದಿಟ್ಟ ಕೃತಿ. ನಾಲ್ಕು ಭಾಗ, ಒಂದೊಂದಕ್ಕೂ 16 ಆವರ್ತ. ಮನೋಧರ್ಮಕ್ಕೆ ಬಾಗಿಲು ತೆರೆದದ್ದು ಮುಂದೆ ಬಂದ ಜಾಜ್.

ಜನ ಹುಚ್ಚೆದ್ದು ಕೊಂಡರು, ಮಡಿವಂತರು ಮೂಗು ಮುರಿದರು. ಮಾರುಕಟ್ಟೆಯಂತೂ ಸಿಕ್ಕ ಸಿಕ್ಕ ಹಾಡಿಗೆಲ್ಲ ಈ ಹೆಸರಿನ ಚೀಟಿ ಅಂಟಿಸಿತು. 1911ರ ‘ಅಲೆಗ್ಸಾಂಡರ್ಸ್ ರ‍್ಯಾಗ್‌ಟೈಮ್ ಬ್ಯಾಂಡ್’ನಲ್ಲಿ ಲಯ ಹರಿದದ್ದೇ ಅಪರೂಪ. ಪಿಯಾನೋದವರಿಗೆ ವೇಗದ ಚಟ ಹಿಡಿಯಿತು. ರ‍್ಯಾಗ್ ಅನ್ನು ಎಂದೂ ವೇಗವಾಗಿ ನುಡಿಸಬೇಡಿ ಎಂದು ಜಾಪ್ಲಿನ್ ತನ್ನ ಸ್ವರಲಿಪಿಯ ಮೇಲೆಯೇ ಅಚ್ಚು ಹಾಕಿಸಬೇಕಾಯಿತು. ಓಡಿಸಿದರೆ ಎಡಬಲಗಳ ಜಗಳ ಕಿವಿಗೆ ಸಿಗುವುದೇ ಇಲ್ಲ.

1917ರಲ್ಲಿ ಆತ ನ್ಯೂಯಾರ್ಕ್‌ನಲ್ಲಿ ತೀರಿಕೊಂಡ. ಮೊದಲ ಜಾಜ್ ರೆಕಾರ್ಡ್ ಬಂದದ್ದೂ ಅದೇ ವರ್ಷ. 1970ರಲ್ಲಿ ಪಿಯಾನೋ ವಾದಕ ಜೋಶುವಾ ರಿಫ್ಕಿನ್ ಜಾಪ್ಲಿನ್‌ನ ಕೃತಿಗಳನ್ನು ಅವಸರವಿಲ್ಲದೆ ನುಡಿಸಿ ರೆಕಾರ್ಡ್ ಮಾಡಿದಾಗ ಜನ ಮತ್ತೆ ಕಿವಿಗೊಟ್ಟರು. 1973ರ ‘ದಿ ಸ್ಟಿಂಗ್’ ಚಿತ್ರ ಜಾಪ್ಲಿನ್‌ನ ‘ದಿ ಎಂಟರ್‌ಟೇನರ್’ ಅನ್ನು ಮನೆಮನೆಗೆ ಮುಟ್ಟಿಸಿತು. ಕಥೆ ನಡೆಯುವುದು 1936ರಲ್ಲಿ, ರ‍್ಯಾಗ್‌ಟೈಮ್ ಹಳತಾಗಿ ಎಷ್ಟೋ ಕಾಲವಾಗಿತ್ತು. ಯಾರೂ ತಕರಾರು ತೆಗೆಯಲಿಲ್ಲ. ಜಾಪ್ಲಿನ್‌ನ ಗೋರಿಗೆ ಹೆಸರಿನ ಫಲಕ ಬಂದದ್ದು 1974ರಲ್ಲಿ.