ಬಸುರಿಯರ ಮೇಲೆ ಮುನಿಯುವ ಕಾಮಾಲೆ

ಕಾರವಾರ, ಅಂಕೋಲಾ ಕಡೆ ಯಾರಿಗಾದರೂ ಕಣ್ಣು ಹಳದಿಯಾದರೆ ಮೊದಲು ನೆನಪಾಗುವುದು ನೆಲನೆಲ್ಲಿ. ಆಮೇಲೆ ಪಥ್ಯ: ಮೀನಿಲ್ಲ, ಎಣ್ಣೆಯಿಲ್ಲ, ಗಂಜಿಯೇ ಗತಿ. ಹೆಚ್ಚಿನವರು ಕೆಲವು ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ, ಹೆಸರು ಮಾತ್ರ ಔಷಧಿ ಕೊಟ್ಟವರಿಗೆ. ಗೊಂದಲ ಶುರುವಾಗುವುದೇ ಇಲ್ಲಿ. ಕಾಮಾಲೆ ಒಂದು ಲಕ್ಷಣ. ಅದರ ಹಿಂದೆ ಇಲಿಜ್ವರ ಇರಬಹುದು, ಪಿತ್ತಕೋಶದ ಕಲ್ಲಿರಬಹುದು, ನಾಲ್ಕೈದು ವೈರಸ್‌ಗಳಲ್ಲಿ ಯಾವುದೋ ಒಂದು ಇರಬಹುದು. ಅವುಗಳಲ್ಲಿ ಹೆಪಟೈಟಿಸ್ ಇ ಎಂಬುದು ಕುಡಿಯುವ ನೀರಿನ ಜೊತೆ ಹೊಟ್ಟೆ ಸೇರಿ, ಮನೆಮಂದಿಯನ್ನೆಲ್ಲ ಬಿಟ್ಟು ಬಸುರಿಯನ್ನು ಕೆಡವುತ್ತದೆ.

ಇದು ಬೇರೆಯದೇ ಕಾಯಿಲೆ ಎಂದು ಗೊತ್ತಾಗಲು ಬಹಳ ಕಾಲ ಹಿಡಿಯಿತು. 1955ರ ಕೊನೆಗೆ ದೆಹಲಿಯಲ್ಲಿ ಕೊಳಚೆ ಹಿಮ್ಮುಖವಾಗಿ ಯಮುನೆಯ ಕುಡಿಯುವ ನೀರಿಗೆ ನುಗ್ಗಿ ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ಕ್ಲೋರಿನ್ ಹೆಚ್ಚು ಸುರಿದಿದ್ದರಿಂದ ಟೈಫಾಯ್ಡ್ ಏರಲಿಲ್ಲ, ವೈರಸ್ ಮಾತ್ರ ದಾಟಿಕೊಂಡು ಬಂತು. ನೀರಿನಿಂದಲೇ ಹರಡುವ ಇನ್ನೊಂದು ವೈರಸ್, ಹೆಪಟೈಟಿಸ್ ಎ ಇರಬೇಕು ಎಂದುಕೊಂಡರು. ಕಾಪಿಟ್ಟಿದ್ದ ರಕ್ತದ ಮಾದರಿಗಳು ಅದು ಎ ಅಲ್ಲ ಎಂದು ಹೇಳಿದ್ದು ಕಾಲು ಶತಮಾನದ ಮೇಲೆ.

ಅಷ್ಟರಲ್ಲಿ ಕಾಶ್ಮೀರದಲ್ಲಿ ಇನ್ನೊಂದು ಅಲೆ ಎದ್ದಿತ್ತು. 1978ರ ಚಳಿಗಾಲದಲ್ಲಿ ಡಾ. ಮೊಹಮ್ಮದ್ ಸುಲ್ತಾನ್ ಖುರೂ ಅಲ್ಲಿನ ಹಳ್ಳಿಗಳಲ್ಲಿ ಲೆಕ್ಕ ಹಾಕಿದರು. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದ್ದರೆ ಕೆಟ್ಟ ಸ್ಥಿತಿಯವರೇ ಕಣ್ಣಿಗೆ ಬೀಳುತ್ತಿದ್ದರು. ಅವರು ಕಾಯಿಲೆ ಬಾರದವರನ್ನೂ ಎಣಿಸಿದರು. 208 ಬಸುರಿಯರಲ್ಲಿ 36 ಮಂದಿಗೆ ಕಾಮಾಲೆ ಬಂದಿತ್ತು, ಎಂಟು ಮಂದಿಯ ಯಕೃತ್ತು ಪೂರ್ತಿ ಸೋತಿತ್ತು. ಅದೇ ನೀರು ಕುಡಿದ, ಬಸುರಿಯಲ್ಲದ 3,350 ಹೆಂಗಸರಲ್ಲಿ ಕಾಯಿಲೆ ಬಿದ್ದವರು 71. ಅವರಲ್ಲಿ ಒಬ್ಬರಿಗೂ ಯಕೃತ್ತು ಸೋಲಲಿಲ್ಲ. ನನ್ನ ಮಟ್ಟಿಗೆ ಈ ಕಾಯಿಲೆಯ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಬಸುರಿಯರ ಸಾವಿಗೆ ಅಶಕ್ತತೆ, ರಕ್ತಹೀನತೆ, ಹಣೆಬರಹ ಎಂದೆಲ್ಲ ಕೊಡುತ್ತಿದ್ದ ಕಾರಣಗಳು ಆ ಲೆಕ್ಕದ ಮುಂದೆ ಸಣ್ಣವಾದವು.

1983ರಲ್ಲಿ ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬಲಯಾನ್ ರೋಗಿಗಳ ಮಲದ ಸೋಸಿದ ದ್ರವವನ್ನು ತಾನೇ ಕುಡಿದು, ಕಾಯಿಲೆ ಬರಿಸಿಕೊಂಡು, ತನ್ನದೇ ಮಲದಲ್ಲಿ ವೈರಸ್ಸಿನ ಕಣ ಕಂಡ. ಧೈರ್ಯ ಎನ್ನಿ, ಹುಚ್ಚು ಎನ್ನಿ.

ಬಸುರಿಯೇ ಏಕೆ? ಗರ್ಭವನ್ನು ಹೊರಗಿನದೆಂದು ತಳ್ಳದಿರಲು ತಾಯಿಯ ರೋಗನಿರೋಧಕ ಶಕ್ತಿ ತನ್ನ ವರಸೆ ಬದಲಿಸಿಕೊಂಡಿರುತ್ತದೆ, ಹಾರ್ಮೋನುಗಳು ಏರಿರುತ್ತವೆ, ವೈರಸ್ ಮಾಸಿನೊಳಗೂ ಬೆಳೆಯಬಲ್ಲದು. ಆದರೆ ಯುರೋಪಿನಲ್ಲಿ ಹಂದಿಮಾಂಸದಿಂದ ಬರುವ, ಇದೇ ವೈರಸ್ಸಿನ ಮೂರನೇ ತಳಿ ಬಸುರಿಯರನ್ನು ಹೀಗೆ ಕಾಡುವುದಿಲ್ಲ. ಕಾಡುವುದು ನಮ್ಮಲ್ಲಿ ನೀರಿನಿಂದ ಹರಡುವ ಒಂದನೇ ತಳಿ. ವಾದ ಇನ್ನೂ ಮುಗಿದಿಲ್ಲ. 2011ರಲ್ಲಿ ಚೀನಾ ಇದರ ಲಸಿಕೆಗೆ ಅನುಮತಿ ಕೊಟ್ಟಿತು. 2022ರಲ್ಲಿ ದಕ್ಷಿಣ ಸುಡಾನಿನಲ್ಲಿ ಊರು ಬಿಟ್ಟು ಬಂದವರ ಬೆಂಟಿಯು ಶಿಬಿರದಲ್ಲಿ ಬಸುರಿಯರಿಗೂ ಅದನ್ನು ಹಾಕಿದರು. ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಅದಿಲ್ಲ.

ನಮ್ಮಲ್ಲಿರುವುದು ಬಾವಿ. ಕಾರವಾರದ ಹತ್ತಿರ ನನಗೆ ಗೊತ್ತಿರುವ ಒಂದು ಹಿತ್ತಿಲಿದೆ, ಪೂರಾ ಹೊಯ್ಗೆ ನೆಲ. ಅಣ್ಣತಮ್ಮಂದಿರು ಹಿಸ್ಸೆಯಾದ ಮೇಲೆ ಒಂದಿದ್ದ ಪಾಯಖಾನೆ ಮೂರಾಯಿತು, ಬಾವಿ ಒಂದೇ ಉಳಿಯಿತು; ಸಿಮೆಂಟ್ ರಿಂಗಿನ ಗುಂಡಿ ಈಗ ಬಾವಿಕಟ್ಟೆಯಿಂದ ಹತ್ತು ಹೆಜ್ಜೆ. ಬೇಸಿಗೆಯಲ್ಲಿ ಹಗ್ಗ ತಳಕ್ಕೆ ಮುಟ್ಟುವುದಿಲ್ಲ, ಆಷಾಢದಲ್ಲಿ ಬಗ್ಗಿ ಕೈಯಿಂದಲೇ ಕೊಡಪಾನ ಮುಳುಗಿಸಬಹುದು. ಗುಂಡಿಯ ನೀರೂ ಆಗ ಅದೇ ಮಟ್ಟಕ್ಕೆ ಏರಿರುತ್ತದೆ. ಕುಡಿದ ನೀರಿಗೂ ಹಳದಿ ಕಣ್ಣಿಗೂ ನಡುವೆ ಐದಾರು ವಾರ ಕಳೆದಿರುವುದರಿಂದ ಬಾವಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಆಶಾ ಕಾರ್ಯಕರ್ತೆ ಬ್ಲೀಚಿಂಗ್ ಪೌಡರ್ ತಂದರೆ, ವಾಸನೆ ಬರುತ್ತದೆ, ಚಾ ಕೆಡುತ್ತದೆ ಎಂಬ ತಕರಾರು. ಕರಾವಳಿಯಲ್ಲಿ ನೀರಿಗೆ ಎರಡೇ ಜಾತಿ, ಉಪ್ಪು ಮತ್ತು ಸಿಹಿ. ಆ ಬಾವಿಯದು ಕೇರಿಗೇ ಸಿಹಿ ನೀರು.