ಮೇಲ್ ಕಮಾಂಡ್‌ಗಳಿಂದ ಮೇಲಿಂಗ್ ಲಿಸ್ಟ್ ಸದಸ್ಯತ್ವ: ಮೊದಲು ವಿಳಾಸ ನೋಡಿ

ಮೇಲಿಂಗ್ ಲಿಸ್ಟ್ ಎಂದರೆ ಒಂದು ವಿಳಾಸಕ್ಕೆ ಬರೆದ ಮೇಲ್ ಎಲ್ಲ ಸದಸ್ಯರಿಗೂ ಹೋಗುವ ಏರ್ಪಾಡು. ಅದಕ್ಕೆ ಸೇರುವುದು, ಬಿಡುವುದು, ಸ್ವಲ್ಪ ದಿನ ಮೇಲ್ ನಿಲ್ಲಿಸುವುದು, ಎಲ್ಲವನ್ನೂ ಬ್ರೌಸರ್ ತೆರೆಯದೆ ಬರೀ ಒಂದು ಮೇಲ್ ಕಳಿಸಿ ಮಾಡಬಹುದು. ಅದಕ್ಕಿರುವ ಕಮಾಂಡ್‌ಗಳು ಕೆಲವೇ ಕೆಲವು, ಬಾಯಿಪಾಠ ಮಾಡುವಷ್ಟೇನೂ ಇಲ್ಲ. ಹೊಸಬರು ಎಡವುವುದು ಹೆಚ್ಚಾಗಿ ವಿಳಾಸದಲ್ಲಿ. ಮೇಲ್ ಯಾರಿಗೆ ಹೋಗುತ್ತಿದೆ, ನಮ್ಮ ಯಾವ ವಿಳಾಸದಿಂದ ಹೋಗುತ್ತಿದೆ ಎಂಬುದು ಸರಿಯಾಗಿ ಗೊತ್ತಿದ್ದರೆ ಉಳಿದದ್ದು ಸಲೀಸು. ಅದಕ್ಕೇ ಈ ಟಿಪ್ಪಣಿಯಲ್ಲಿ ವಿಳಾಸದ ಮಾತೇ ಜಾಸ್ತಿ.

ಮೊದಲೇ ಒಂದು ಮಾತು. ಓದಲು ಅನುಕೂಲವಾಗಲಿ ಎಂದು ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕಳಿಸುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ದೊಡ್ಡಕ್ಷರವೋ ಸಣ್ಣಕ್ಷರವೋ ಎಂದು ತಲೆ ಕೆಡಿಸಿಕೊಳ್ಳಬೇಡಿ, ಯಾವುದಾದರೂ ನಡೆಯುತ್ತದೆ. ಉದಾಹರಣೆಗೆ 'ತಾರೆ' ಎಂಬ ಲಿಸ್ಟ್ ಇದೆ, 'ರವಿ' ಎಂಬ ಸದಸ್ಯ ಇದ್ದಾನೆ ಎಂದುಕೊಳ್ಳೋಣ. ಎರಡೂ ಕಲ್ಪನೆಯವು.

ಒಂದು ಲಿಸ್ಟ್, ಮೂರು ವಿಳಾಸ

ತಾರೆ@ಲಿಸ್ಟ್.ಉದಾ
ತಾರೆ-ರಿಕ್ವೆಸ್ಟ್@ಲಿಸ್ಟ್.ಉದಾ
ತಾರೆ-ಓನರ್@ಲಿಸ್ಟ್.ಉದಾ

ಮೊದಲನೆಯದಕ್ಕೆ ಬರೆದದ್ದು ಎಲ್ಲ ಸದಸ್ಯರಿಗೂ ಹೋಗುತ್ತದೆ. ಎರಡನೆಯದನ್ನು ಹೆಚ್ಚಿನ ಕಡೆ ಓದುವುದು ಒಂದು ಪ್ರೋಗ್ರಾಂ. ಮೂರನೆಯದರ ಹಿಂದೆ ಲಿಸ್ಟ್ ನೋಡಿಕೊಳ್ಳುವ ಮನುಷ್ಯರು ಇರುತ್ತಾರೆ. ಕಮಾಂಡ್ ಯಾವಾಗಲೂ ಪ್ರೋಗ್ರಾಂ ವಿಳಾಸಕ್ಕೇ ಹೋಗಬೇಕು. 'ಅನ್‌ಸಬ್‌ಸ್ಕ್ರೈಬ್' ಎಂಬ ಒಂದೇ ಪದವಿರುವ ಮೇಲ್ ಲಿಸ್ಟ್‌ಗೇ ಬಂದು ಬಿದ್ದದ್ದನ್ನು ನೀವೂ ನೋಡಿರಬಹುದು. ಕಳಿಸಿದವರಿಗೆ ಕಮಾಂಡ್ ಗೊತ್ತಿತ್ತು, ವಿಳಾಸ ತಪ್ಪಿತ್ತು ಅಷ್ಟೇ. ಆಮೇಲೆ ನಾಲ್ಕು ಜನ ಅದಕ್ಕೆ ರಿಪ್ಲೈ ಮಾಡಿ ಬುದ್ಧಿ ಹೇಳುತ್ತಾರೆ, ಆ ಬುದ್ಧಿಮಾತೂ ಎಲ್ಲರಿಗೂ ಹೋಗುತ್ತದೆ! ಇಂಥ ಮೇಲ್‌ಗಳನ್ನು ಬಾಗಿಲಲ್ಲೇ ತಡೆದು ಹಿಡಿಯುವ ಸೆಟ್ಟಿಂಗ್ ಮೇಲ್‌ಮ್ಯಾನ್‌ನಂಥ ಸಾಫ್ಟ್‌ವೇರ್‌ನಲ್ಲಿ ಇದೆ. ಅದು ಎಲ್ಲ ಸಲ ಹಿಡಿಯುತ್ತದೆ ಎಂದು ನಂಬಬೇಡಿ.

ಹೆಸರಿನ ಕೊನೆಗೆ '-ರಿಕ್ವೆಸ್ಟ್' ಸೇರಿಸುವ ರೂಢಿ ತುಂಬ ಹಳೆಯದು. ಮೊದಮೊದಲು ಆ ಮೇಲನ್ನೂ ಮನುಷ್ಯರೇ ಓದಿ, ಕೈಯಾರೆ ಪಟ್ಟಿಗೆ ಹೆಸರು ಸೇರಿಸುತ್ತಿದ್ದರು. 1986ರಲ್ಲಿ ಪ್ಯಾರಿಸ್‌ನಲ್ಲಿ ವಿದ್ಯಾರ್ಥಿಯಾಗಿದ್ದ ಎರಿಕ್ ತೋಮಾ, ಬಿಟ್‌ನೆಟ್ ಎಂಬ ಜಾಲಕ್ಕಾಗಿ ಲಿಸ್ಟ್‌ಸರ್ವ್ ಪ್ರೋಗ್ರಾಂ ಬರೆದರು. ಸದಸ್ಯರು ತಾವೇ ಕಮಾಂಡ್ ಕಳಿಸಿ ಸೇರಿಕೊಳ್ಳುವ, ಬಿಡುವ ವ್ಯವಸ್ಥೆ ಅದರಿಂದ ಶುರುವಾಯಿತು. '-ರಿಕ್ವೆಸ್ಟ್' ರೂಢಿ 1997ರಲ್ಲಿ ಆರ್‌ಎಫ್‌ಸಿ 2142 ಎಂಬ ಇಂಟರ್‌ನೆಟ್ ದಾಖಲೆಯಲ್ಲಿ ಬರಹಕ್ಕೆ ಇಳಿಯಿತು.

ಕಮಾಂಡ್ ಎಲ್ಲಿ ಬರೆಯಬೇಕು?

ಇದು ಲಿಸ್ಟ್ ನಡೆಸುವ ಸಾಫ್ಟ್‌ವೇರ್ ಯಾವುದು ಎಂಬುದರ ಮೇಲೆ ಹೋಗುತ್ತದೆ.

ಲಿಸ್ಟ್‌ಸರ್ವ್, ಮೇಜರ್‌ಡೊಮೊ ಎರಡರಲ್ಲೂ ಲಿಸ್ಟ್‌ಗೊಂದು '-ರಿಕ್ವೆಸ್ಟ್' ಬದಲು ಇಡೀ ಸರ್ವರ್‌ಗೆ ಒಂದೇ ಕಮಾಂಡ್ ವಿಳಾಸ. ಅಲ್ಲಿ ಹತ್ತಾರು ಲಿಸ್ಟ್ ಇರಬಹುದು. ಹಾಗಾಗಿ ಯಾವ ಲಿಸ್ಟ್ ಎಂದು ಕಮಾಂಡ್‌ನಲ್ಲೇ ಹೇಳಬೇಕು. ಕಮಾಂಡ್ ಬರೆಯುವುದು ಮೇಲ್‌ನ ಬಾಡಿಯಲ್ಲಿ, ಅಂದರೆ ಸಂದೇಶ ಬರೆಯುವ ಜಾಗದಲ್ಲಿ. ಸಬ್ಜೆಕ್ಟ್ ಸಾಲನ್ನು ಇವು ನೋಡುವುದಿಲ್ಲ. ಲಿಸ್ಟ್‌ಸರ್ವ್‌ಗೆ ಹೀಗೆ:

ಸಬ್‌ಸ್ಕ್ರೈಬ್ ತಾರೆ ರವಿ ಕುಮಾರ್

ಬಿಡಲು:

ಸೈನಾಫ್ ತಾರೆ

ಲಿಸ್ಟ್‌ಸರ್ವ್‌ನಲ್ಲಿ ಲಿಸ್ಟ್ ಹೆಸರಿನ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ಆ ಸರ್ವರ್‌ನ ಎಲ್ಲ ಲಿಸ್ಟ್‌ಗಳಿಂದ ಒಟ್ಟಿಗೆ ಹೊರಬರುತ್ತೀರಿ. ಸುಮ್ನೆ ಪ್ರಯೋಗಕ್ಕೆಂದು ಹಾಕಬೇಡಿ. ಮೇಜರ್‌ಡೊಮೊಗೆ ಹೆಸರು ಬೇಕಿಲ್ಲ, 'ಸಬ್‌ಸ್ಕ್ರೈಬ್ ತಾರೆ' ಸಾಕು. ಬಿಡಲು 'ಅನ್‌ಸಬ್‌ಸ್ಕ್ರೈಬ್ ತಾರೆ'.

ಮೇಲ್‌ಮ್ಯಾನ್‌ನಲ್ಲಿ ಪ್ರತಿ ಲಿಸ್ಟ್‌ಗೂ ತನ್ನದೇ ಕಮಾಂಡ್ ವಿಳಾಸ. ಯಾವ ಲಿಸ್ಟ್ ಎಂಬುದು ವಿಳಾಸದಲ್ಲೇ ಇದೆ, ಮತ್ತೆ ಹೇಳುವುದು ಬೇಡ. 'ತಾರೆ-ರಿಕ್ವೆಸ್ಟ್'ಗೆ 'ಸಬ್‌ಸ್ಕ್ರೈಬ್' ಎಂಬ ಒಂದು ಪದ ಕಳಿಸಿದರೆ ಆಯಿತು. ಸಬ್ಜೆಕ್ಟ್‌ನಲ್ಲಿ ಬರೆದರೂ ಸರಿ, ಬಾಡಿಯಲ್ಲಿ ಬರೆದರೂ ಸರಿ. ಇದರಲ್ಲೇ ಇನ್ನೊಂದು ಸುಲಭದ ದಾರಿ ಇದೆ: 'ತಾರೆ-ಜಾಯಿನ್' ಅಥವಾ 'ತಾರೆ-ಲೀವ್' ವಿಳಾಸಕ್ಕೆ ಖಾಲಿ ಮೇಲ್ ಕಳಿಸುವುದು.

ಈ ಕೊನೆಯ ದಾರಿಯನ್ನೇ ಇಜ಼ೆಡ್‌ಎಂಎಲ್‌ಎಂ, ಎಂಎಲ್‌ಎಂಎಂಜೆ, ಗೂಗಲ್ ಗ್ರೂಪ್ಸ್ ಪೂರ್ತಿಯಾಗಿ ಹಿಡಿದಿವೆ. ಅಲ್ಲಿ ವಿಳಾಸವೇ ಕಮಾಂಡ್. ಇಜ಼ೆಡ್‌ಎಂಎಲ್‌ಎಂನಲ್ಲಿ 'ತಾರೆ-ಸಬ್‌ಸ್ಕ್ರೈಬ್', ನಡುವೆ ಅಡ್ಡಗೆರೆ. ಉಳಿದೆರಡರಲ್ಲಿ 'ತಾರೆ+ಸಬ್‌ಸ್ಕ್ರೈಬ್', ನಡುವೆ ಪ್ಲಸ್ ಗುರುತು. ಬಾಡಿಯಲ್ಲಿ ಏನಿದ್ದರೂ ಲೆಕ್ಕವಿಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ವಿಧಾನ ಇದೇ. ಬಾಡಿಯಲ್ಲಿ ಬರೆಯುವಾಗ ಆಗುವ ಗೊಂದಲಗಳು ಇಲ್ಲಿ ಹುಟ್ಟುವುದೇ ಇಲ್ಲ.

ಯಾವ ಸಾಫ್ಟ್‌ವೇರ್ ಎಂದೇ ಗೊತ್ತಿಲ್ಲದಿದ್ದರೆ? ಕಮಾಂಡ್ ವಿಳಾಸಕ್ಕೆ 'ಹೆಲ್ಪ್' ಎಂದು ಕಳಿಸಿ. ಇದು ಲಿಸ್ಟ್‌ಸರ್ವ್, ಮೇಜರ್‌ಡೊಮೊ, ಮೇಲ್‌ಮ್ಯಾನ್ ಮೂರಕ್ಕೂ ಅರ್ಥವಾಗುತ್ತದೆ. ಉಳಿದವುಗಳಲ್ಲಿ 'ತಾರೆ-ಹೆಲ್ಪ್' ಅಥವಾ 'ತಾರೆ+ಹೆಲ್ಪ್'. ಅಲ್ಲಿಂದ ಬರುವ ಉತ್ತರದಲ್ಲಿ ಆ ಸರ್ವರ್ ಒಪ್ಪುವ ಕಮಾಂಡ್‌ಗಳ ಪಟ್ಟಿಯೇ ಇರುತ್ತದೆ.

ಖಚಿತಪಡಿಸುವ ಮೇಲ್

ಕಮಾಂಡ್ ಕಳಿಸಿದ ಕೂಡಲೇ ಸೇರಿಬಿಟ್ಟೆವು ಎಂದು ಅಂದುಕೊಳ್ಳಬಾರದು. ಪ್ರೋಗ್ರಾಂಗೆ ನಮ್ಮ ಗುರುತು ಸಿಗುವುದು ಮೇಲ್‌ನ 'ಫ್ರಮ್' ಸಾಲಿನಿಂದ ಮಾತ್ರ. ಆ ಸಾಲಿನಲ್ಲಿ ಯಾರು ಬೇಕಾದರೂ ಯಾರ ವಿಳಾಸವನ್ನು ಬೇಕಾದರೂ ಬರೆಯಬಹುದು. ಹೀಗೆ ಆಗದವರ ವಿಳಾಸ ಹಾಕಿ ನೂರಾರು ಲಿಸ್ಟ್‌ಗೆ ಸೇರಿಸಿ ಅವರ ಇನ್‌ಬಾಕ್ಸ್ ತುಂಬಿಸುವ ಕಿಡಿಗೇಡಿತನಕ್ಕೆ ದಾರಿ ಆಗುತ್ತದೆ. ಅದಕ್ಕೇ ಪ್ರೋಗ್ರಾಂ ಮೊದಲು ಆ ವಿಳಾಸಕ್ಕೆ ಒಂದು ಮೇಲ್ ಕಳಿಸುತ್ತದೆ. ಮೇಲ್‌ಮ್ಯಾನ್‌ನಲ್ಲಾದರೆ ಅದರ ಸಬ್ಜೆಕ್ಟ್ ಹೀಗಿರುತ್ತದೆ:

ಕನ್ಫರ್ಮ್ 7ಎ91ಸಿ40ಇ2...

ಆ ಉದ್ದನೆಯ ಸಂಕೇತ ನಿಮ್ಮೊಬ್ಬರ ಕೋರಿಕೆಗೆಂದೇ ಹುಟ್ಟಿದ್ದು. ಆ ಇನ್‌ಬಾಕ್ಸ್ ತೆರೆಯಬಲ್ಲವರಿಗೆ ಮಾತ್ರ ಅದು ಕಾಣುತ್ತದೆ. ಅದನ್ನು ವಾಪಸ್ ಕಳಿಸಿದರೆ ವಿಳಾಸ ನಿಮ್ಮದೇ ಎಂಬುದಕ್ಕೆ ಪುರಾವೆ ಸಿಕ್ಕಂತೆ. ನೀವು ಮಾಡಬೇಕಾದ್ದು ಇಷ್ಟೇ: ರಿಪ್ಲೈ ಒತ್ತಿ, ಸಬ್ಜೆಕ್ಟ್ ಮುಟ್ಟದೆ ಕಳಿಸಿ. ಅದರ ಶುರುವಿನಲ್ಲಿ 'ಆರ್‌ಇ' ಸೇರಿಕೊಂಡರೂ ತೊಂದರೆ ಇಲ್ಲ. ಮೇಲ್‌ಮ್ಯಾನ್ 2ರಲ್ಲಿ ಈ ಸಂಕೇತ ಸಾಮಾನ್ಯವಾಗಿ 3 ದಿನ ಬಾಳುತ್ತದೆ. ಆಮೇಲೆ ಮತ್ತೆ ಮೊದಲಿನಿಂದ ಶುರು. ಇಜ಼ೆಡ್‌ಎಂಎಲ್‌ಎಂ ಸಂಕೇತವನ್ನು ರಿಪ್ಲೈ ಹೋಗುವ ವಿಳಾಸದೊಳಗೇ ಇಡುತ್ತದೆ. ಮೇಜರ್‌ಡೊಮೊದಲ್ಲಿ 'ಆಥ್' ಎಂದು ಶುರುವಾಗುವ ಪೂರ್ತಿ ಸಾಲನ್ನು ಮೇಲ್‌ನ ಬಾಡಿಯೊಳಗೆ ಕಾಪಿ ಮಾಡಿ ಕಳಿಸಬೇಕು. ಮೇಲ್ ಆ್ಯಪ್ ಆ ಸಾಲನ್ನು ಮಧ್ಯೆ ಮುರಿದರೆ ಕೆಲಸ ಕೆಡುತ್ತದೆ.

ಇಲ್ಲಿ ಒಂದು ಗಮ್ಮತ್ತಿನ ಅಪಾಯ ಇದೆ. ನೀವು ಕೇಳಿರದ ಲಿಸ್ಟ್‌ನಿಂದ ಇಂಥ ಮೇಲ್ ಬಂತು ಎಂದುಕೊಳ್ಳಿ. ಸಿಟ್ಟು ಬಂದು "ನಾನು ಇದನ್ನು ಕೇಳಿಯೇ ಇಲ್ಲ, ನನಗೆ ಮೇಲ್ ಕಳಿಸಬೇಡಿ" ಎಂದು ರಿಪ್ಲೈ ಮಾಡುತ್ತೀರಿ. ಪ್ರೋಗ್ರಾಂ ಆ ವಾಕ್ಯದ ಅರ್ಥ ಹುಡುಕುತ್ತಾ ಕೂರುವುದಿಲ್ಲ. ಸಂಕೇತ ವಾಪಸ್ ಬಂತು, ಒಪ್ಪಿಗೆ ಸಿಕ್ಕಿತು ಎಂದು ನಿಮ್ಮನ್ನು ಸೇರಿಸಿಬಿಡುತ್ತದೆ. ಕೇಳದೆ ಬಂದ ಕನ್ಫರ್ಮ್ ಮೇಲ್‌ಗೆ ಏನೂ ಮಾಡದೆ ಸುಮ್ಮನಿರುವುದೇ ಸರಿಯಾದ ಉತ್ತರ.

ಬಿಡಲು ಹೋದರೆ 'ನೀವು ಸದಸ್ಯರೇ ಅಲ್ಲ' ಎನ್ನುತ್ತದಲ್ಲ?

ಇದು ಎಲ್ಲರಿಗೂ ಎದುರಾಗುವ ತೊಂದರೆ. ಮೇಲ್ ದಿನಾ ಬರುತ್ತಿದೆ, ಬಿಡುತ್ತೇನೆ ಎಂದರೆ ನೀನು ಸದಸ್ಯನೇ ಅಲ್ಲ ಎನ್ನುತ್ತದೆ. ಎರಡೂ ನಿಜವೇ. ರವಿ ಹಿಂದೆ ಹಳೆಯ ಕಚೇರಿಯ ವಿಳಾಸದಿಂದ ಸೇರಿದ್ದ. ಆ ವಿಳಾಸಕ್ಕೆ ಬಂದದ್ದೆಲ್ಲ ಈಗ ಹೊಸ ವಿಳಾಸಕ್ಕೆ ಫಾರ್ವರ್ಡ್ ಆಗುತ್ತಿದೆ. ಅವನು ಹೊಸ ವಿಳಾಸದಿಂದ ಕಮಾಂಡ್ ಕಳಿಸುತ್ತಾನೆ. ಪಟ್ಟಿಯಲ್ಲಿ ಆ ವಿಳಾಸ ಇಲ್ಲ. ಪ್ರೋಗ್ರಾಂಗೆ ವಿಳಾಸ ಗೊತ್ತು, ರವಿ ಯಾರೆಂದು ಗೊತ್ತಿಲ್ಲ. ತಮ್ಮ ವಿಳಾಸದಲ್ಲಿ ಪ್ಲಸ್ ಗುರುತು ಹಾಕಿ ಸೇರಿದವರಿಗೂ ಇದೇ ಪಾಡು. 'ರವಿ+ತಾರೆ' ಮತ್ತು 'ರವಿ' ನಮ್ಮ ಪಾಲಿಗೆ ಒಂದೇ ಇನ್‌ಬಾಕ್ಸ್, ಲಿಸ್ಟ್‌ನ ಪಾಲಿಗೆ ಬೇರೆ ಬೇರೆ ಸದಸ್ಯರು.

ಹಾಗಾದರೆ ಯಾವ ವಿಳಾಸದಿಂದ ಸೇರಿದ್ದೆವು ಎಂದು ಕಂಡುಹಿಡಿಯುವುದು ಹೇಗೆ? ಲಿಸ್ಟ್‌ನಿಂದ ಬಂದ ಒಂದು ಮೇಲ್ ತೆರೆದು ಅದರ ಪೂರ್ತಿ ಹೆಡರ್, ಅಂದರೆ ಮೇಲ್ ಜೊತೆ ಬರುವ ವಿವರಗಳ ಸಾಲುಗಳನ್ನು ನೋಡಿ. ಜಿಮೇಲ್‌ನಲ್ಲಿ ಇದಕ್ಕೆ 'ಶೋ ಒರಿಜಿನಲ್' ಎಂಬ ಆಯ್ಕೆ ಇದೆ. 'ರಿಟರ್ನ್-ಪಾತ್' ಸಾಲು ಹುಡುಕಿ. ಹೀಗೆ ಕಾಣಬಹುದು:

ತಾರೆ-ಬೌನ್ಸಸ್+ರವಿ=ಹಳೆಕಚೇರಿ.ಉದಾ@ಲಿಸ್ಟ್.ಉದಾ

ಪ್ಲಸ್ ಆದಮೇಲೆ ಇರುವುದನ್ನು ಓದಿ. ಸಮ ಚಿಹ್ನೆಯ ಜಾಗದಲ್ಲಿ 'ಅಟ್' ಚಿಹ್ನೆ ಇಟ್ಟರೆ ಸೇರಿದ ವಿಳಾಸ ಸಿಕ್ಕಿತು: ರವಿ@ಹಳೆಕಚೇರಿ.ಉದಾ. ತಲುಪದೆ ವಾಪಸ್ ಬಂದ ಮೇಲ್ ಯಾವ ಸದಸ್ಯನದು ಎಂದು ಲಿಸ್ಟ್‌ಗೆ ತಿಳಿಯಲಿ ಎಂದು ಮಾಡಿಕೊಂಡ ಉಪಾಯ ಇದು. ವರ್ಪ್ ಎಂದು ಕರೆಯುತ್ತಾರೆ. ನಮಗೂ ಉಪಯೋಗಕ್ಕೆ ಬರುತ್ತದೆ, ಅಲ್ವಾ? ಎಲ್ಲ ಲಿಸ್ಟ್‌ಗಳೂ ಹೀಗೆ ಮಾಡುವುದಿಲ್ಲ. ಆಗ 'ಡೆಲಿವರ್ಡ್-ಟು' ಸಾಲು ಮತ್ತು 'ರಿಸೀವ್ಡ್' ಸಾಲುಗಳಲ್ಲಿ 'ಫಾರ್' ಪದ ಆದಮೇಲೆ ಬರುವ ವಿಳಾಸ ನೋಡಿ.

ವಿಳಾಸ ಸಿಕ್ಕಮೇಲೆ, ಅದರಿಂದ ಮೇಲ್ ಕಳಿಸಲು ಆಗುವುದಾದರೆ ಅಲ್ಲಿಂದಲೇ ಕಮಾಂಡ್ ಕಳಿಸಿ. ಆಗದಿದ್ದರೆ ಮೇಲ್‌ಮ್ಯಾನ್ 2ರಲ್ಲಿ ಹೀಗೆ ಬರೆಯಬಹುದು:

ಅನ್‌ಸಬ್‌ಸ್ಕ್ರೈಬ್ ಅಡ್ರೆಸ್=ರವಿ@ಹಳೆಕಚೇರಿ.ಉದಾ

ಖಚಿತಪಡಿಸುವ ಮೇಲ್ ಹಳೆಯ ವಿಳಾಸಕ್ಕೆ ಹೋಗುತ್ತದೆ, ಅಲ್ಲಿಂದ ಫಾರ್ವರ್ಡ್ ಆಗಿ ನಿಮ್ಮ ಕೈ ಸೇರುತ್ತದೆ. ರಿಪ್ಲೈ ಮಾಡಿದರೆ ಮುಗಿಯಿತು. ಇಜ಼ೆಡ್‌ಎಂಎಲ್‌ಎಂನಲ್ಲಿ ಅದೇ ಕೆಲಸಕ್ಕೆ 'ತಾರೆ-ಅನ್‌ಸಬ್‌ಸ್ಕ್ರೈಬ್-ರವಿ=ಹಳೆಕಚೇರಿ.ಉದಾ' ಎಂಬ ವಿಳಾಸಕ್ಕೆ ಖಾಲಿ ಮೇಲ್ ಸಾಕು. ಮೇಜರ್‌ಡೊಮೊದಲ್ಲಿ ಲಿಸ್ಟ್ ಹೆಸರು ಆದಮೇಲೆ ಹಳೆಯ ವಿಳಾಸ ಬರೆದರೆ ಕೋರಿಕೆ ಓನರ್ ಒಪ್ಪಿಗೆಗೆ ಹೋಗುತ್ತದೆ, ಸ್ವಲ್ಪ ಕಾಯಬೇಕು.

ಹೆಡರ್ ತೆರೆದಿದ್ದೀರಲ್ಲ, 'ಲಿಸ್ಟ್-ಅನ್‌ಸಬ್‌ಸ್ಕ್ರೈಬ್' ಸಾಲನ್ನೂ ನೋಡಿಬಿಡಿ. 1998ರ ಆರ್‌ಎಫ್‌ಸಿ 2369ರಿಂದ ಬಂದದ್ದು. ಯಾವ ವಿಳಾಸಕ್ಕೆ, ಯಾವ ಸಬ್ಜೆಕ್ಟ್ ಹಾಕಿ ಕಳಿಸಬೇಕು ಎಂಬುದು ಹೆಚ್ಚಾಗಿ ಅಲ್ಲೇ ಬರೆದಿರುತ್ತದೆ. ಮೇಲ್ ಆ್ಯಪ್‌ಗಳು ಮೇಲೆ ತೋರಿಸುವ ಅನ್‌ಸಬ್‌ಸ್ಕ್ರೈಬ್ ಬಟನ್ ಈ ಸಾಲನ್ನೇ ನಂಬಿದೆ. 2017ರ ಆರ್‌ಎಫ್‌ಸಿ 8058 ಇದಕ್ಕೆ ಒಂದೇ ಕ್ಲಿಕ್‌ನ ವಿಧಾನ ಸೇರಿಸಿತು. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ತಮ್ಮ ಪ್ರಚಾರದ ಮೇಲ್‌ಗಳಲ್ಲಿ ಅದನ್ನು ಕೊಡಲೇಬೇಕು ಎಂದು ಜಿಮೇಲ್ 2024ರಲ್ಲಿ ನಿಯಮ ಮಾಡಿತು.

ಬಿಡದೆಯೇ ಮೇಲ್ ಕಡಿಮೆ ಮಾಡುವುದು

ಎರಡು ದಾರಿ ಇವೆ. ಡೈಜೆಸ್ಟ್ ಎಂದರೆ ಹಲವು ಮೇಲ್‌ಗಳನ್ನು ಸೇರಿಸಿ ಒಂದೇ ಮೇಲ್ ಆಗಿ ಕಳಿಸುವುದು. ನೋಮೇಲ್ ಎಂದರೆ ಸದಸ್ಯತ್ವ ಇದ್ದು ಮೇಲ್ ಮಾತ್ರ ಬರದಿರುವುದು. ಸದಸ್ಯರಿಗಷ್ಟೇ ಬರೆಯಲು ಬಿಡುವ ಲಿಸ್ಟ್‌ಗಳಲ್ಲಿ ನೋಮೇಲ್ ತುಂಬ ಅನುಕೂಲ. ಹಳೆಯ ಸಂದೇಶಗಳ ಸಂಗ್ರಹದಲ್ಲಿ ಓದಿಕೊಂಡು, ಬೇಕಾದಾಗ ಮಾತ್ರ ಬರೆಯಬಹುದು. ಲಿಸ್ಟ್‌ಸರ್ವ್‌ಗೆ:

ಸೆಟ್ ತಾರೆ ನೋಮೇಲ್
ಸೆಟ್ ತಾರೆ ಡೈಜೆಸ್ಟ್

ಮತ್ತೆ ಮೊದಲಿನಂತೆ ಬರಲು 'ಸೆಟ್ ತಾರೆ ಮೇಲ್'. ನಿಮ್ಮ ಈಗಿನ ಸೆಟ್ಟಿಂಗ್ ಏನಿದೆ ಎಂದು 'ಕ್ವೆರಿ ತಾರೆ' ಹೇಳುತ್ತದೆ.

ಮೇಲ್‌ಮ್ಯಾನ್ 2ರಲ್ಲಿ 'ಸೆಟ್' ಬಳಸಲು ಮೊದಲು ಪಾಸ್‌ವರ್ಡ್ ಕೊಡಬೇಕು:

ಸೆಟ್ ಆಥೆಂಟಿಕೇಟ್ ನಿಮ್ಮ-ಪಾಸ್‌ವರ್ಡ್
ಸೆಟ್ ಡೆಲಿವರಿ ಆಫ್

ಈ ಪಾಸ್‌ವರ್ಡ್ ಮೇಲ್‌ನಲ್ಲಿ ಬಿಚ್ಚುಬಿಚ್ಚಾಗಿ ಹೋಗುತ್ತದೆ. ತಿಂಗಳಿಗೊಮ್ಮೆ ಅದನ್ನು ನೆನಪಿಸುವ ಮೇಲ್ ಕಳಿಸುವ ಅಭ್ಯಾಸವೂ ಮೇಲ್‌ಮ್ಯಾನ್ 2ಕ್ಕೆ ಇದೆ. ಬೇರೆಲ್ಲೂ ಬಳಸುವ ಪಾಸ್‌ವರ್ಡ್ ಇಲ್ಲಿ ಇಡಲೇಬೇಡಿ. 2015ರಲ್ಲಿ ಬಂದ ಮೇಲ್‌ಮ್ಯಾನ್ 3ರಲ್ಲಿ ಮೇಲ್ ಕಮಾಂಡ್‌ಗಳು ಕಡಿಮೆ. ಸೇರುವುದು, ಬಿಡುವುದು, ಖಚಿತಪಡಿಸುವುದು ಮೇಲ್‌ನಲ್ಲೇ ಆಗುತ್ತದೆ. 'ಸೆಟ್' ಮಾಡುತ್ತಿದ್ದ ಕೆಲಸಕ್ಕೆ ವೆಬ್‌ಗೇ ಹೋಗಬೇಕು. ಎಂಎಲ್‌ಎಂಎಂಜೆಯಲ್ಲಿ ಸೇರುವಾಗಲೇ 'ತಾರೆ+ಸಬ್‌ಸ್ಕ್ರೈಬ್-ಡೈಜೆಸ್ಟ್' ಅಥವಾ 'ತಾರೆ+ಸಬ್‌ಸ್ಕ್ರೈಬ್-ನೋಮೇಲ್' ಎಂದು ಆರಿಸಿಕೊಳ್ಳಬಹುದು.

ಜಿಮೇಲ್ ಬಳಸುವವರು ಒಂದು ವಿಷಯ ತಿಳಿದಿರಿ. ನೀವು ಲಿಸ್ಟ್‌ಗೆ ಬರೆದದ್ದರ ಪ್ರತಿ ನಿಮ್ಮ ಇನ್‌ಬಾಕ್ಸ್‌ಗೆ ಬಂದಂತೆ ಕಾಣುವುದಿಲ್ಲ. ಕಳಿಸಿದ ಮೇಲ್ ಮೊದಲೇ ಇದೆ ಎಂದು ಜಿಮೇಲ್ ಇನ್ನೊಂದು ಪ್ರತಿಯನ್ನು ತೋರಿಸುವುದಿಲ್ಲ. ಅದಕ್ಕಾಗಿ ಲಿಸ್ಟ್ ಸೆಟ್ಟಿಂಗ್ ಕೆದಕುತ್ತಾ ಕೂರಬೇಡಿ.

ಸಹಿ ಕೂಡ ಕಮಾಂಡ್ ಆಗಿಬಿಡುತ್ತದೆ

ಬಾಡಿಯಲ್ಲಿ ಕಮಾಂಡ್ ಬರೆಯುವಾಗ ಒಂದು ಸಾಲಿಗೆ ಒಂದು ಕಮಾಂಡ್, ಮೇಲ್ ಸಾದಾ ಪಠ್ಯದಲ್ಲಿ. ಬಣ್ಣ, ದಪ್ಪಕ್ಷರ ಇರುವ ಎಚ್‌ಟಿಎಂಎಲ್ ಮೇಲ್ ಹಳೆಯ ಪ್ರೋಗ್ರಾಂಗಳ ತಲೆ ಕೆಡಿಸುತ್ತದೆ. ಕೊನೆಯಲ್ಲಿ ತಾನಾಗಿ ಸೇರುವ ಹೆಸರು, ಹುದ್ದೆ, ಫೋನ್ ನಂಬರ್‌ಗಳನ್ನೂ ಪ್ರೋಗ್ರಾಂ ಕಮಾಂಡ್ ಎಂದೇ ಓದಿ, ಅರ್ಥವಾಗಲಿಲ್ಲ ಎಂದು ದೂರುತ್ತದೆ. ಮೇಜರ್‌ಡೊಮೊ, ಮೇಲ್‌ಮ್ಯಾನ್‌ಗಳಿಗೆ ಕಮಾಂಡ್ ಆದಮೇಲೆ ಒಂದು ಸಾಲಿನಲ್ಲಿ 'ಎಂಡ್' ಎಂದು ಬರೆಯಿರಿ. ಅಲ್ಲಿಗೆ ಓದುವುದನ್ನು ನಿಲ್ಲಿಸುತ್ತದೆ.

ಪ್ರೋಗ್ರಾಂ ಕಳಿಸುವ ಉತ್ತರವನ್ನು ಪೂರ್ತಿ ಓದಿ. ಮೇಲ್‌ಮ್ಯಾನ್ 2ರ ಉತ್ತರದಲ್ಲಿ 'ರಿಸಲ್ಟ್ಸ್' ಕೆಳಗೆ ಏನಾಯಿತು ಎಂದಿರುತ್ತದೆ, 'ಅನ್‌ಪ್ರೊಸೆಸ್ಡ್' ಕೆಳಗೆ ಮುಟ್ಟದೆ ಬಿಟ್ಟ ಸಾಲುಗಳು ಇರುತ್ತವೆ. ನಿಮ್ಮ ಕಮಾಂಡ್ ಎರಡನೆಯದರಲ್ಲಿ ಕಂಡರೆ ಕೆಲಸ ಆಗಿಲ್ಲ. ಉತ್ತರವೇ ಬರದಿದ್ದರೆ ಮೊದಲು ಸ್ಪ್ಯಾಮ್ ಫೋಲ್ಡರ್ ನೋಡಿ, ಕನ್ಫರ್ಮ್ ಮೇಲ್‌ಗಳು ಅಲ್ಲಿ ಸಿಕ್ಕಿಹಾಕಿಕೊಳ್ಳುವುದುಂಟು.

ಇಷ್ಟಾದರೂ ಆಗದಿದ್ದರೆ 'ತಾರೆ-ಓನರ್'ಗೆ ಬರೆಯಿರಿ. ಅಲ್ಲಿ ಓದುವವರು ಮನುಷ್ಯರು, ಹೆಚ್ಚಿನವರು ಬಿಡುವಿನ ವೇಳೆಯಲ್ಲಿ ಈ ಕೆಲಸ ಮಾಡುವವರು. ಲಿಸ್ಟ್‌ನ ಹೆಸರು, ನೀವು ಸೇರಿದ್ದಿರಬಹುದಾದ ವಿಳಾಸಗಳು, ಯಾವ ಕಮಾಂಡ್ ಕಳಿಸಿದಿರಿ, ಏನು ಉತ್ತರ ಬಂತು ಎಂದು ಬರೆದು, ಲಿಸ್ಟ್‌ನಿಂದ ಬಂದ ಒಂದು ಮೇಲ್‌ನ ಪೂರ್ತಿ ಹೆಡರ್ ಕೆಳಗೆ ಅಂಟಿಸಿ. ಹೆಡರ್ ಇದ್ದರೆ ಅವರು ಪಟ್ಟಿಯಲ್ಲಿ ನಿಮ್ಮನ್ನು ಹುಡುಕಿ ತೆಗೆಯುವುದು ಸುಲಭ.